ಇರಾನಿ ಅಡುಗೆ: ಒಣ ನಿಂಬೆ ಬದಲು ಮುರುಗಲು ನಡೆಯುತ್ತದಾ?

ಕಾರವಾರದ ಹುಡುಗಿ:
ಗೊರ್ಮೆ ಸಬ್ಜಿ, ಅಂದರೆ ಇರಾನಿನ ಸೊಪ್ಪು-ಮಾಂಸದ ಸಾರು, ಮಾಡಬೇಕು ಅಂತ ತುಂಬಾ ಆಸೆ. ಕೊತ್ತಂಬರಿ, ಮೆಂತ್ಯ ಸೊಪ್ಪು, ರಾಜ್ಮಾ, ಮಟನ್ ಎಲ್ಲ ಇದೆ. ಒಣ ನಿಂಬೆ ಮಾತ್ರ ಇಲ್ಲಿ ಸಿಗುತ್ತಿಲ್ಲ. ಮುರುಗಲು ಸಿಪ್ಪೆ ಹಾಕಲಾ? ಅನ್ನದ ತಳದ ಗರಿಗರಿ ತಹದಿಗ್ ಹೇಗೆ ಬರಿಸೋದು ಅಂತಾನೂ ಹೇಳಿ.

ಶಿರಸಿ ಅಡುಗೆಮನೆ:
ಮುರುಗಲು ಬೇಡ. ಹುಳಿ ಬರುತ್ತದೆ, ಆದರೆ ಒಣ ನಿಂಬೆಯ ಆ ಸಣ್ಣ ಕಹಿ ಬರಲ್ಲ, ಸಾರಿನ ಬಣ್ಣವೂ ಕೆಡುತ್ತದೆ. ಸಣ್ಣ ನಿಂಬೆಹಣ್ಣನ್ನು ಉಪ್ಪುನೀರಲ್ಲಿ ಕುದಿಸಿ, ಕಲ್ಲಿನ ಹಾಗೆ ಗಟ್ಟಿ ಆಗುವವರೆಗೆ ಬಿಸಿಲಿಗೆ ಹಾಕಿ. ಮಳೆಗಾಲಕ್ಕೆ ಮೊದಲೇ ಮುಗಿಸಿಕೊಳ್ಳಿ. ಚುಚ್ಚಿ ತೂತು ಮಾಡಿ ಹಾಕಿದರೆ ರಸ ಒಳಗೆ ಹೋಗುತ್ತದೆ. ಇನ್ನೊಂದು, ಸೊಪ್ಪನ್ನು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಕಡುಹಸಿರು ಆಗುವವರೆಗೆ ಹುರಿಯಲೇಬೇಕು, ಅವಸರ ಮಾಡಿದರೆ ಹಸಿ ವಾಸನೆ ಉಳಿಯುತ್ತದೆ, ರುಚಿ ಇರೋದೆಲ್ಲ ಆ ಹುರಿಯೋದರಲ್ಲೇ.

ಹೊನ್ನಾವರದವ:
ತಹದಿಗ್‌ಗೆ ನಮ್ಮ ಕುಚ್ಚಲಕ್ಕಿ ಆಗಲ್ಲ, ಬಾಸ್ಮತಿ ತಗೊಳ್ಳಿ. ನೆನೆಸಿ, ಉಪ್ಪುನೀರಲ್ಲಿ ಅರ್ಧ ಬೇಯಿಸಿ ಬಸಿಯಿರಿ. ದಪ್ಪ ತಳದ ಪಾತ್ರೆಗೆ ಎಣ್ಣೆ ಬಿಟ್ಟು, ಸ್ವಲ್ಪ ಅನ್ನಕ್ಕೆ ಮೊಸರು, ಕೇಸರಿ ನೀರು ಕಲಸಿ ತಳಕ್ಕೆ ಒತ್ತಿ. ಉಳಿದ ಅನ್ನ ಗುಡ್ಡೆ ಹಾಕಿ. ಮುಚ್ಚಳಕ್ಕೆ ಬಟ್ಟೆ ಸುತ್ತಿ ಮುಚ್ಚಿ, ಇಲ್ಲದಿದ್ದರೆ ಹಬೆ ನೀರು ಅನ್ನದ ಮೇಲೆ ಬಿದ್ದು ಮೆತ್ತಗಾಗುತ್ತದೆ. ಸಣ್ಣ ಉರಿ, ಮುಕ್ಕಾಲು ಗಂಟೆ.

ಕುಮಟಾ ಅಕ್ಕ:
ಮೆಣಸು ಜಾಸ್ತಿ ಸುರಿಯಬೇಡಿ ಮಾರಾಯ್ರೇ. ಅವರ ಅಡುಗೆಯಲ್ಲಿ ಹುಳಿ, ಸೊಪ್ಪು, ಕೇಸರಿಯದ್ದೇ ರುಚಿ. ಖಾರ ಬೇಡದವರು ಮುಂದೆ ಫೆಸೆಂಜಾನ್ ಕೂಡ ಮಾಡಿ ನೋಡಿ, ಅರೆದ ಅಕ್ರೋಟು, ದಾಳಿಂಬೆ ರಸದ ಪಾಕ, ಕೋಳಿ. ಎಣ್ಣೆ ಮೇಲೆ ತೇಲುವವರೆಗೆ ಕುದಿಯಬೇಕು.