ಸಹಾಯ ಬೇಕು: ಮೆಕ್ಸಿಕೋದ ಬೀಗಿತ್ತಿಯ ಜೊತೆ ಮಾತಾಡಲು ನಾಲ್ಕು ಸ್ಪ್ಯಾನಿಷ್ ಮಾತು

ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನಕ್ಕೆಂದು ಮುಂದಿನ ತಿಂಗಳು ಗ್ವಾದಲಾಹಾರಾಕ್ಕೆ ಹೊರಟಿದ್ದೇನೆ. ಅಳಿಯ ಅಲ್ಲಿಯವನೇ. ಅವನ ತಾಯಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬಾರದು.

ಮಗಳು ಫೋನಿನಲ್ಲಿ ಕೆಲವು ಕಲಿಸಿದ್ದಾಳೆ. ನಮಸ್ಕಾರ ಹೇಳಲು ಮಧ್ಯಾಹ್ನದವರೆಗೆ ‘ಬ್ವೆನೋಸ್ ದೀಯಾಸ್’, ಆಮೇಲೆ ‘ಬ್ವೆನಾಸ್ ತಾರ್ದೆಸ್’. ಅಂಗಡಿಯಲ್ಲೂ ಇದನ್ನು ಹೇಳಿಯೇ ಮಾತು ಶುರು ಮಾಡಬೇಕಂತೆ. ಊಟ ಮಾಡುತ್ತಿರುವವರ ಪಕ್ಕ ಹಾದುಹೋದರೆ ‘ಪ್ರೊವೆಚೊ’, ಅಂದರೆ ಊಟ ಚೆನ್ನಾಗಿ ಆಗಲಿ ಅಂತ. ಕೇಳಿಸದಿದ್ದರೆ ‘ಕೇ?’ (ಏನು?) ಅನ್ನದೆ ‘ಮಾಂದೆ?’ ಅಂದರೆ ಮರ್ಯಾದೆ. ನಮ್ಮ ನೀನು, ನೀವು ಇದ್ದ ಹಾಗೆ ಅವರಿಗೆ ‘ತೂ’, ‘ಉಸ್ತೆದ್’. ಇಂಗ್ಲಿಷಿನಲ್ಲಿ ಇಲ್ಲದ ಬೀಗಿತ್ತಿ ಅವರ ಭಾಷೆಯಲ್ಲಿದ್ದಾಳೆ: ‘ಕೊನ್ಸ್ವೇಗ್ರಾ’! ಕೇಳಿ ಎಷ್ಟು ಖುಷಿಯಾಯಿತು ಅಂದರೆ, ಅಡುಗೆ ಮಾಡುವಾಗಲೂ ಅದನ್ನೇ ಹೇಳಿಕೊಳ್ಳುತ್ತಿದ್ದೇನೆ.

ಅಲ್ಲಿ ಇದ್ದು ಬಂದವರು ದಯವಿಟ್ಟು ತಿಳಿಸಿ. ಬೀಗಿತ್ತಿಯನ್ನು ಎದುರಿಗೇ ‘ಕೊನ್ಸ್ವೇಗ್ರಾ’ ಅಂತ ಕರೆಯಬಹುದೇ, ‘ಸೆನ್ಯೋರಾ’ (ಅಮ್ಮನವರೇ) ಅನ್ನಬೇಕೇ? ಕೆನ್ನೆಗೆ ಕೆನ್ನೆ ತಾಗಿಸಲು ಬಂದಾಗ ನಾನು ಕೈಮುಗಿದರೆ ಬೇಸರವಾಗುತ್ತದೆಯೇ?

ದೊಡ್ಡ ಚಿಂತೆ ಊಟದ್ದು. ‘ಕಾರ್ನೆ’ (ಮಾಂಸ) ಬೇಡ ಅಂದರೆ ಕೋಳಿ ಬರಬಹುದಂತೆ. ಬೇಯಿಸಿ ಮಸೆದ ಕಾಳಿಗೂ ‘ಮಾಂತೇಕಾ’, ಅಂದರೆ ಹಂದಿಕೊಬ್ಬು, ಹಾಕುತ್ತಾರಂತೆ. ‘ನೋ ಕೋಮೊ ಕಾರ್ನೆ, ನಿ ಪೋಯೊ, ನಿ ಪೆಸ್ಕಾದೊ’, ಅಂದರೆ ಮಾಂಸ, ಕೋಳಿ, ಮೀನು ಯಾವುದೂ ತಿನ್ನುವುದಿಲ್ಲ ಅಂತ, ಬಾಯಿಪಾಠ ಮಾಡಿದ್ದೇನೆ. ಆದರೆ ಪ್ರೀತಿಯಿಂದ ಬಡಿಸಿದ್ದನ್ನು ಅವರ ಮನಸ್ಸು ನೋಯದಂತೆ ಹೇಗೆ ಬೇಡ ಅನ್ನಲಿ?

ಅಲ್ಲೂ ಹೆತ್ತವಳಿಗೆ 40 ದಿನದ ‘ಕ್ವಾರೆಂತೇನಾ’ ಇದೆಯಂತೆ, ತಣ್ಣಗಿನದು ಕೊಡುವುದಿಲ್ಲವಂತೆ. ‘ಬಾಣಂತಿಯನ್ನು ಇಬ್ಬರೂ ಸೇರಿ ನೋಡಿಕೊಳ್ಳೋಣ’ ಅನ್ನುವುದನ್ನು ಅವರ ಭಾಷೆಯಲ್ಲೇ ಹೇಳುವ ಆಸೆ. ಗೊತ್ತಿದ್ದವರು ನಿಧಾನವಾಗಿ ಹೇಳಿ ವಾಯ್ಸ್ ಮೆಸೇಜ್ ಕಳಿಸುತ್ತೀರಾ?