ಸಹಾಯ ಬೇಕು: ಪ್ರೊಬೇಷನ್ ಆಫೀಸರ್ ವರದಿಗೆ ನಾವು ಉತ್ತರ ಕೊಡಬಹುದಾ?

ನಮಸ್ಕಾರ. ನಮ್ಮ ಅಕ್ಕನ ಮಗನಿಗೆ 20 ವರ್ಷ. ಬೈಕ್ ಕಳವಿನ ಕೇಸಿನಲ್ಲಿ ತಪ್ಪಿತಸ್ಥ ಎಂದು ತೀರ್ಪಾಗಿದೆ, ಶಿಕ್ಷೆ ಇನ್ನೂ ಹೇಳಿಲ್ಲ. 21 ತುಂಬದವರಾದರೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ (ಜೈಲಿನ ಬದಲು ನಿಗಾದಲ್ಲಿ ಬಿಡಲು ಅವಕಾಶ ಕೊಡುವ ಕಾಯ್ದೆ) 6ನೇ ಕಲಂ ಪ್ರಕಾರ ಕೋರ್ಟ್ ಮೊದಲು ಪ್ರೊಬೇಷನ್ ಆಫೀಸರ್, ಅಂದರೆ ಅಪರಾಧಿಯ ಹಿನ್ನೆಲೆ ವಿಚಾರಿಸುವ ಅಧಿಕಾರಿಯಿಂದ ವರದಿ ತರಿಸಬೇಕಂತೆ. ತರಿಸಿದ್ದಾರೆ.

ಆಫೀಸರ್ ಮನೆಗೆ ಬಂದು ಓದು, ಕೆಲಸ, ಸಹವಾಸ ಎಲ್ಲ ವಿಚಾರಿಸಿದರು. ಆಮೇಲೆ ಪಕ್ಕದ ಮನೆಗೂ ಹೋದರು. ಅವರಿಗೂ ನಮಗೂ ಕಾಂಪೌಂಡ್ ಜಗಳ, ಮಾತೇ ಇಲ್ಲ! ಏನು ಹೇಳಿದ್ದಾರೋ ಏನೋ.

ವರದಿ ನೋಡೋಣ ಅಂದರೆ ಕೋರ್ಟ್ ಆಫೀಸಿನಲ್ಲಿ ಗೌಪ್ಯ ಅಂದರು. ಪ್ರೊಬೇಷನ್ ಆಫೀಸಿನಲ್ಲೂ ಅದೇ ಉತ್ತರ. ವಕೀಲರು 'ನೋಡೋಣ' ಅನ್ನುತ್ತಾರೆ, ಅಷ್ಟೆ. 7ನೇ ಕಲಂ ಓದಿದೆ. ಗೌಪ್ಯ ಅನ್ನೋದು ನಿಜ. ಆದರೂ ಕೋರ್ಟಿಗೆ ಸರಿ ಅನಿಸಿದರೆ ವರದಿಯ ಸಾರಾಂಶ ತಿಳಿಸಿ, ಅದಕ್ಕೆ ಸಂಬಂಧಪಟ್ಟ ಸಾಕ್ಷ್ಯ ಕೊಡಲು ಅವಕಾಶ ಮಾಡಿಕೊಡಬಹುದು ಎಂದಿದೆ. ನನಗೆ ಗೊಂದಲ ಇಲ್ಲೇ. ಈ ಅವಕಾಶ ಅವರಾಗಿಯೇ ಕೊಡುತ್ತಾರಾ, ನಾವೇ ಕೇಳಬೇಕಾ?

ಶಿಕ್ಷೆಯ ಬಗ್ಗೆ ವಾದ ಕೇಳುವ ದಿನ ವಕೀಲರು ಬಾಯಿಮಾತಲ್ಲಿ ಕೇಳಿದರೆ ಸಾಕಾ, ಮೊದಲೇ ಅರ್ಜಿ ಹಾಕಬೇಕಾ? ಗ್ಯಾರೇಜ್ ಮಾಲೀಕರ ಪತ್ರ, ಐಟಿಐ ಸರ್ಟಿಫಿಕೇಟ್ ಜೊತೆಗೇ ಕೊಡಬಹುದಾ? ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ಇದನ್ನು ಮಾಡಿಸಿದವರು ದಯವಿಟ್ಟು ತಿಳಿಸಿ.