ಹೊಸ ಸಿಂಕ್ ಮಿಕ್ಸರ್: ನೀರು ದಾರದ ಹಾಗೆ ಬರುತ್ತಿದೆ, ಗೋಡೆ ಹತ್ತಿರ ತೊಟ್ಟಿಕ್ಕುತ್ತಿದೆ

ಮಿರ್ಚಿ_ಒಗ್ಗರಣಿ (ಬಳ್ಳಾರಿ)
ಎಲ್ಲರಿಗೂ ನಮಸ್ಕಾರ. ನಮ್ಮದು ಒಂದೇ ಅಂತಸ್ತಿನ ಮನೆ. ಮಿರ್ಚಿ ಕರಿದ ಬಾಣಲಿಯ ಜಿಡ್ಡು ತಣ್ಣೀರಿಗೆ ಹೋಗಲ್ಲ ಅಂತ ಅಡುಗೆಮನೆಗೆ ಚಿಕ್ಕ ಗೀಸರ್ ಹಾಕಿಸಿದೆವು. ಹಳೇ ನಲ್ಲಿ ತೆಗೆಸಿ ಸಿಂಗಲ್ ಲಿವರ್ ಮಿಕ್ಸರ್ (ಬಿಸಿ, ತಣ್ಣೀರು ಎರಡಕ್ಕೂ ಒಂದೇ ಹಿಡಿ ಇರುವ ನಲ್ಲಿ) ಕೂರಿಸಿದೆವು, ಗೋಡೆಗೆ ಹಾಕುವ ಮಾದರಿ. ನೋಡೋಕೆ ಚೆನ್ನಾಗಿದೆ. ನೀರು ಮಾತ್ರ ದಾರದ ಹಾಗೆ ಬರುತ್ತೆ, ಬಿಸಿನೀರಂತೂ ಇನ್ನೂ ಸಣ್ಣಗೆ. ಒಂದು ಕೊಡ ತುಂಬೋ ಹೊತ್ತಿಗೆ ಕುಕ್ಕರ್ ಮೂರು ಸಲ ಕೂಗಿರುತ್ತೆ. ಸಾಲದ್ದಕ್ಕೆ ಎಡಗಡೆ ಗೋಡೆ ಹತ್ತಿರ, ಆ ಗುಂಡನೆ ಮುಚ್ಚಳದ ಹಿಂದಿನಿಂದ ತೊಟ್ಟು ತೊಟ್ಟಾಗಿ ಸೋರುತ್ತಿದೆ. ಪ್ಲಂಬರ್ ಕೇಳಿದರೆ "ನಲ್ಲಿ ಡೂಪ್ಲಿಕೇಟ್" ಅಂತಾರೆ. ಅಂಗಡಿಯವರು "ಫಿಟ್ಟಿಂಗ್ ಸರಿಯಿಲ್ಲ" ಅಂತಾರೆ. ಯಾರನ್ನ ನಂಬಲಿ?

ಪಾನಾ_ಹಿಡಿದವ (ಕೊಪ್ಪಳ)
ಇಬ್ಬರನ್ನೂ ಸದ್ಯ ಬಿಡಿ ಅಕ್ಕ. ಮೊದಲು ಮೂರು ವಿಷಯ ಹೇಳಿ. ಟ್ಯಾಂಕ್ ತಳ ನಲ್ಲಿಗಿಂತ ಎಷ್ಟು ಅಡಿ ಮೇಲಿದೆ? ಡಬ್ಬಿ ಮೇಲೆ ಎಷ್ಟು ಬಾರ್ ಒತ್ತಡ ಬೇಕು ಅಂತ ಬರೆದಿದೆ? ಒಂದು ಲೀಟರ್ ಬಾಟಲಿ ತುಂಬೋಕೆ ಎಷ್ಟು ಸೆಕೆಂಡ್ ಬೇಕು? ಮೊಬೈಲ್ ಹಿಡಿದು ಎಣಿಸಿ, ಅಂದಾಜು ಬೇಡ.

ಮಿರ್ಚಿ_ಒಗ್ಗರಣಿ
ಮಾಳಿಗೆ 10 ಅಡಿ, ಟ್ಯಾಂಕ್ ಕಟ್ಟೆ 2 ಅಡಿ. ನಲ್ಲಿ ನೆಲದಿಂದ 4 ಅಡಿ ಮೇಲಿದೆ. ಡಬ್ಬಿ ಮೇಲೆ ಕನಿಷ್ಠ 1 ಬಾರ್ ಅಂತಿದೆ. ಬಾಟಲಿಗೆ ತಣ್ಣೀರು 28 ಸೆಕೆಂಡ್, ಬಿಸಿನೀರು 45.

ಪಾನಾ_ಹಿಡಿದವ
ಅರ್ಧ ಉತ್ತರ ಇಲ್ಲೇ ಸಿಕ್ಕಿತು. ನೀರು 10 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಸುಮಾರು 1 ಬಾರ್ ಒತ್ತಡ ಸಿಗುತ್ತೆ. ನಿಮ್ಮಲ್ಲಿ ಟ್ಯಾಂಕ್ ಅರ್ಧ ತುಂಬಿದಾಗಲೂ 3 ಮೀಟರ್ ಆಸುಪಾಸು, ಅಂದರೆ 0.3 ಬಾರ್. ಡಬ್ಬಿ ಕೇಳುವುದರಲ್ಲಿ ಮೂರನೇ ಒಂದು ಪಾಲೂ ಇಲ್ಲ. ಇಂಥ ನಲ್ಲಿ ಮೂರ್ನಾಲ್ಕು ಅಂತಸ್ತಿನ ಮನೆಯ ಕೆಳಗಿನ ಮಹಡಿಗೋ, ಪ್ರೆಷರ್ ಪಂಪ್ ಇರುವ ಮನೆಗೋ ಸರಿ. ಅಂಗಡಿಯಲ್ಲಿ ಎಲ್ಲರೂ ಹೊಳಪು ನೋಡ್ತಾರೆ, ಈ ಅಂಕಿ ಯಾರೂ ನೋಡಲ್ಲ. ನಮ್ಮಂಥ ಮನೆಗೆ ಬಿಸಿಗೊಂದು, ತಣ್ಣೀರಿಗೊಂದು ಹಿಡಿ ಇರುವ ಕ್ವಾರ್ಟರ್ ಟರ್ನ್ (ಕಾಲು ಸುತ್ತಿಗೇ ಪೂರ್ತಿ ತೆರೆಯುವ) ಸಿಂಕ್ ಮಿಕ್ಸರ್ ವಾಸಿ. ಸಾಮಾನ್ಯವಾಗಿ ಅದರೊಳಗೆ ನೀರಿನ ದಾರಿ ದೊಡ್ಡದು.

ಆದರೂ 28 ಸೆಕೆಂಡ್ ತುಂಬಾ ಜಾಸ್ತಿ ಆಯ್ತು. ಒಳಗೆ ಕಸ ಇದೆ. ಮೂತಿಯಲ್ಲಿರುವ ಜಾಲರಿ, ಅದೇ ಏರೇಟರ್, ಬಿಚ್ಚಿ ನೋಡಿ. ಆಮೇಲೆ ಮಾಳಿಗೆ ಮೇಲಿನ ವಾಲ್ವ್ ಮುಚ್ಚಿ, ಗೀಸರ್ ಸ್ವಿಚ್ ಆರಿಸಿ, ಅದು ತಣ್ಣಗಾದ ಮೇಲೆ ಮಿಕ್ಸರಿನ ಎರಡು ದೊಡ್ಡ ನಟ್ ಬಿಚ್ಚಿ. ನಟ್‌ಗೆ ಬಟ್ಟೆ ಸುತ್ತಿ ಪಾನಾ ಹಾಕಿ, ಇಲ್ಲಾಂದ್ರೆ ಕ್ರೋಮ್ ಕೆತ್ತಿ ಹೋಗುತ್ತೆ. ಒಳಗಿನ ರಬ್ಬರ್ ವಾಷರ್‌ನಲ್ಲೂ ಜಾಲರಿ ಇರಬಹುದು.

ಸೋರಿಕೆ ಬಗ್ಗೆ ಒಂದು ಪ್ರಶ್ನೆ. ಎರಡೂ ಲೆಗ್ (ಗೋಡೆಯ ಪೈಪಿಗೂ ಮಿಕ್ಸರಿಗೂ ನಡುವೆ ಕೂರುವ ತುಂಡು) ಸಮ ಮಾಡೋಕೆ ಅಂತ ಪ್ಲಂಬರ್ ಎಡಗಡೆಯದನ್ನ ಹಿಂದಕ್ಕೆ ತಿರುಗಿಸಿದ್ರಾ?

ಮಿರ್ಚಿ_ಒಗ್ಗರಣಿ
ಹೌದು! ಬಿಗಿ ಮಾಡಿ, ಮಟ್ಟ ನೋಡಿ, ಸ್ವಲ್ಪ ಹಿಂದಕ್ಕೆ ತಿರುಗಿಸಿದರು. ನಿಮಗೆ ಹೇಗೆ ಗೊತ್ತಾಯ್ತು?

ಪಾನಾ_ಹಿಡಿದವ
ನಾನೂ ನಮ್ಮ ಮನೆಯಲ್ಲಿ ಅದನ್ನೇ ಮಾಡಿ ಹೊಸ ಟೈಲ್ಸ್ ಒಡೆಸಿಕೊಂಡವನು. ಗೋಡೆಯಲ್ಲಿ ಎರಡು ಪೈಪಿನ ನಡುವೆ 150 ಮಿಲಿಮೀಟರ್ ಇರಬೇಕು. ಅಷ್ಟೋ ಇಷ್ಟೋ ವ್ಯತ್ಯಾಸ ಸರಿದೂಗಿಸೋಕೆ ಲೆಗ್ ಸೊಟ್ಟಗಿರುತ್ತೆ, ತಿರುಗಿಸಿದ ಹಾಗೆ ತುದಿ ಅತ್ತಿತ್ತ ಸರಿಯುತ್ತೆ. ಟೆಫ್ಲಾನ್ ಟೇಪ್ ಸುತ್ತಿದ ಜೋಡಣೆಯನ್ನ ಮುಂದಕ್ಕೆ ಮಾತ್ರ ತಿರುಗಿಸಬೇಕು. ಕಾಲು ಸುತ್ತು ಹಿಂದಕ್ಕೆ ಬಂದರೂ ಟೇಪ್ ಬಿಟ್ಟುಕೊಳ್ಳುತ್ತೆ.

ಎಡ ಲೆಗ್ ಪೂರ್ತಿ ಬಿಚ್ಚಿ, ಹಳೇ ಟೇಪ್ ಕೆರೆದು ತೆಗೆಯಿರಿ. ಮರೆಯ (ಥ್ರೆಡ್) ತುದಿ ನಿಮ್ಮ ಕಡೆ ಇರಲಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ 12–15 ಸುತ್ತು ಎಳೆದು ಸುತ್ತಿ. ಮೊದಲ ಮರೆ ಖಾಲಿ ಬಿಡಿ, ಇಲ್ಲಾಂದ್ರೆ ಟೇಪಿನ ಚೂರು ಒಳಗೆ ಹೋಗಿ ಮತ್ತೆ ಜಾಲರಿಗೆ ಬೀಳುತ್ತೆ. ಬಿಗಿ ಮಾಡುವಾಗ ಮಟ್ಟ ದಾಟಿಹೋದರೆ ಹಿಂದಕ್ಕೆ ತಿರುಗಿಸಬೇಡಿ. ಬಿಚ್ಚಿ ಹೊಸ ಟೇಪ್ ಸುತ್ತಿ. ಬೇಜಾರಾಗುತ್ತೆ, ಆದರೂ ಅದೇ ಸರಿ. ಸಿಪಿವಿಸಿ (ಬಿಸಿನೀರಿಗೆ ಹಾಕುವ ಪ್ಲಾಸ್ಟಿಕ್) ಪೈಪ್ ಆಗಿದ್ದರೆ ಗೋಡೆಯೊಳಗಿನ ಎಲ್ಬೋ (ಪೈಪ್ ತಿರುಗುವ ಮೂಲೆಯ ಜೋಡಣೆ) ಮೇಲೆ ಪೂರಾ ಬಲ ಹಾಕಬೇಡಿ.

ಕೃಷ್ಣೆ_ತುಂಗೆ_ನಡುವೆ (ರಾಯಚೂರು)
ನಡುವೆ ಬಾಯಿ ಹಾಕ್ತಿದ್ದೀನಿ. ಅಕ್ಕ, ನಿಮ್ಮ ತಣ್ಣೀರು, ಬಿಸಿನೀರು ಎರಡೂ ಒಂದೇ ಟ್ಯಾಂಕಿನಿಂದ ಬರುತ್ತಾ? ನಮ್ಮಲ್ಲಿ ತಣ್ಣೀರಿಗೆ ನೇರ ನಲ್ಲಿ ನೀರಿನ ಲೈನ್, ಬಿಸಿನೀರಿಗೆ ಬೋರ್ ಟ್ಯಾಂಕ್ ಕೊಟ್ಟಿದ್ದರು. ನಲ್ಲಿ ನೀರು ಜೋರಾಗಿ ಬಂದ ದಿನ ಲಿವರ್ ನಡುವೆ ಇಟ್ಟರೆ ಬರೀ ತಣ್ಣೀರು. ಜೋರಿರುವ ನೀರು ಬಿಸಿನೀರನ್ನ ಗೀಸರಿಗೇ ವಾಪಸ್ ತಳ್ಳುತ್ತಿತ್ತು. ಒತ್ತಡ ಉಲ್ಟಾ ಆದರೆ ಬೋರ್ ನೀರು ಕುಡಿಯೋ ನೀರಿನ ಲೈನಿಗೆ ನುಗ್ಗಬಹುದು. ಈಗ ಮಿಕ್ಸರಿಗೆ ಬಿಸಿ, ತಣ್ಣೀರು ಎರಡೂ ಟ್ಯಾಂಕಿನದೇ. ಕುಡಿಯೋ ನೀರಿಗೆ ಪಕ್ಕದಲ್ಲಿ ಬೇರೆ ನಲ್ಲಿ, ಕೊಡ ಅದರ ಕೆಳಗೆ.

ಮಿರ್ಚಿ_ಒಗ್ಗರಣಿ
ನಮ್ಮದು ಎರಡೂ ಟ್ಯಾಂಕ್ ನೀರೇ. ಆದರೆ ಕೊಡಕ್ಕೆ ಬೇರೆ ನಲ್ಲಿ ಅನ್ನೋದು ಯಾಕೆ ಹೊಳೆಯಲಿಲ್ಲವೋ!

ಭಾನುವಾರ ನಾನು, ನಮ್ಮವರು ಸೇರಿ ಬಿಚ್ಚಿದೆವು. ಏರೇಟರ್‌ನಲ್ಲಿ ಸೇಮಿಗೆ ತರಹ ಟೇಪಿನ ಎಳೆ, ಪೈಪ್ ಕೊಯ್ದ ಬಿಳಿ ಚೂರು. ಬಿಸಿನೀರಿನ ಕಡೆಯ ವಾಷರ್ ಜಾಲರಿ ಮೇಲೆ ಸಿಮೆಂಟ್ ಹರಳು ಸಾಸಿವೆ ಕಾಳಿನ ಹಾಗೆ ಕೂತಿತ್ತು. ಎಲ್ಲ ತೊಳೆದು, ಪೈಪ್ ಬಾಯಿಗೆ ಬಕೆಟ್ ಹಿಡಿದು ಎರಡು ನಿಮಿಷ ನೀರು ಬಿಟ್ಟೆವು. ಈಗ ಬಾಟಲಿಗೆ ತಣ್ಣೀರು 12 ಸೆಕೆಂಡ್, ಬಿಸಿನೀರು 15. ಏರೇಟರ್ ತೆಗೆದರೆ ಇನ್ನೂ ಬೇಗ, ಆದರೆ ನೀರು ಸಿಂಕಿನಿಂದ ಮೈಮೇಲೆ ಸಿಡಿಯುತ್ತೆ, ಹಾಗಾಗಿ ವಾಪಸ್ ಹಾಕಿದೆ. ಎಡ ಲೆಗ್‌ಗೆ ಎರಡು ಸಲ ಟೇಪ್ ಸುತ್ತಬೇಕಾಯ್ತು. ರಾತ್ರಿ ಕೆಳಗೆ ಪೇಪರ್ ಇಟ್ಟಿದ್ದೆ, ಬೆಳಿಗ್ಗೆ ಒಣಗಿಯೇ ಇತ್ತು.

ಪಾನಾ_ಹಿಡಿದವ
12 ಸೆಕೆಂಡ್ ಅಂದರೆ ನಿಮಿಷಕ್ಕೆ 5 ಲೀಟರ್. ಪಾತ್ರೆ ತೊಳೆಯೋಕೆ ಸಾಕು. ಪಂಪಿಗೆ ದುಡ್ಡು ಹಾಕಬೇಡಿ. ಬೋರ್ ನೀರಾಗಿದ್ದರೆ ಏರೇಟರ್‌ನಲ್ಲಿ ಬಿಳಿ ಉಪ್ಪು ಕಟ್ಟುತ್ತೆ, ಎರಡು ತಿಂಗಳಿಗೊಮ್ಮೆ ವಿನೆಗರ್‌ನಲ್ಲೋ ನಿಂಬೆರಸದಲ್ಲೋ ಅರ್ಧ ಗಂಟೆ ನೆನೆಹಾಕಿ. ಟಾಯ್ಲೆಟ್ ಆಸಿಡ್ ಮಾತ್ರ ತಾಗಿಸಬೇಡಿ, ಹೊಳಪು ಎದ್ದುಹೋಗುತ್ತೆ.

ಮಿರ್ಚಿ_ಒಗ್ಗರಣಿ
ಇನ್ನೊಂದೇ ಡೌಟು. ಮಧ್ಯಾಹ್ನ ಎರಡು ಗಂಟೆಗೆ ಲಿವರ್ ನೀಲಿ ಕಡೆ ತಿರುಗಿಸಿದರೂ ಬಿಸಿನೀರೇ ಬರುತ್ತೆ. ಪೈಪ್ ಅದಲು ಬದಲಾಗಿದೆಯಾ?

ಪಾನಾ_ಹಿಡಿದವ
ಪೈಪ್ ಸರಿಯಾಗಿಯೇ ಇದೆ ಅಕ್ಕ, ಊರು ಬಳ್ಳಾರಿ ಅಲ್ವಾ? ಟ್ಯಾಂಕ್ ಮೇಲೆ ನೆರಳು ಮಾಡಿಸಿ. ಗೀಸರ್ ಸ್ವಿಚ್ ಮೇ ಮುಗಿಯೋವರೆಗೆ ಮುಟ್ಟೋದೇ ಬೇಡ.